ಒಂದು ಮಾಡಿದರೆ ಕೈಗೆಲಸ, ಇನ್ನೂರೈವತ್ತು ಮಾಡಿದರೆ ಕಾರ್ಖಾನೆ

ಪ್ರಶ್ನೆ: ನನ್ನ ಮದುವೆಗೆ ಇನ್ನು ಐದು ತಿಂಗಳಿದೆ. ಸುಮಾರು 250 ಅತಿಥಿಗಳು. ಈಗಿನ ಮದುವೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ ಎಂಬುದು ನನ್ನ ಹಳೆಯ ತಕರಾರು. ಹಾಗಾಗಿ ನಮ್ಮ ಮದುವೆಯ ಸಾಮಗ್ರಿಯನ್ನು ನಮ್ಮ ಕೈಯಾರೆ ಮಾಡಬೇಕೆಂಬ ಆಸೆ. ಪಟ್ಟಿ ಇಷ್ಟು: 250 ಆಮಂತ್ರಣ ಪತ್ರಿಕೆ, ವೇದಿಕೆಯ ಹಿಂಬದಿಗೆ 300 ಕಾಗದದ ಹೂವು, ಬಂದವರಿಗೆ ಕೊಡಲು ಒಣಹೂವು ಹುದುಗಿಸಿದ 250 ಪುಟ್ಟ ಮೇಣದಬತ್ತಿ, 25 ಮೇಜುಗಳಿಗೆ ತಾಜಾ ಹೂವಿನ ಜೋಡಣೆ, ನಾನು ಹೊದೆಯುವ ಶಾಲಿನ ಅಂಚಿಗೆ ನಮ್ಮಿಬ್ಬರ ಹೆಸರು ಮತ್ತು ದಿನಾಂಕದ ಕಸೂತಿ. ಕೈಬರಹ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಹೊಲಿಗೆ ಸುಮಾರಾಗಿ ಬರುತ್ತದೆ. ಕಳೆದ ಭಾನುವಾರ ಪ್ರಯೋಗಕ್ಕೆಂದು ಆರು ಪತ್ರಿಕೆ ಮಾಡಿದೆ, ಮಧ್ಯಾಹ್ನವೆಲ್ಲ ಹೋಯಿತು. ಮಡಿಕೆಯ ಸಾಲಿನಲ್ಲಿ ಕಾರ್ಡಿನ ನೀಲಿ ಬಣ್ಣ ಬಿರಿದು ಬಿಳಿ ಕಂಡಿತು, ಅಂಟು ಹಚ್ಚಿದ ಕಡೆ ಕಾಗದ ಡೊಂಕಾಗಿ ಎದ್ದು ನಿಂತಿತು. ನೋಡಿದ ಚಿಕ್ಕಮ್ಮ, "ಶಾಲೆಯ ವಸ್ತುಪ್ರದರ್ಶನದ ಹಾಗಿದೆ, ದುಡ್ಡಿಲ್ಲದೆ ಹೀಗೆ ಮಾಡಿಕೊಂಡರು ಅನ್ನುತ್ತಾರೆ" ಎಂದರು. ಮದುವೆಯಾಗುವ ಹುಡುಗ ಎಲ್ಲವನ್ನೂ ಹೊರಗೆ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ. ನಾಲ್ವರು ಗೆಳತಿಯರು ಸಹಾಯಕ್ಕೆ ಬರುತ್ತೇವೆ ಎಂದಿದ್ದಾರೆ. ಇದು ಆಗುವ ಕೆಲಸವೇ? ಖರ್ಚಾದರೂ ಉಳಿಯುತ್ತದೆಯೇ? ಆ ಆರು ಪತ್ರಿಕೆಗಳನ್ನು ನೋಡಿದರೆ ಅಳು ಬರುತ್ತದೆ, ಎಸೆದುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 250ರ ಮೇಲಲ್ಲ, ಆರರ ಮೇಲೆ. ಮದುವೆಯ ಅಲಂಕಾರ ಮತ್ತು ಕಾಗದದ ಕೆಲಸದಲ್ಲಿ ಹದಿನೆಂಟು ವರ್ಷ ಕಳೆದಿದ್ದೇನೆ. ನನ್ನ ಮೇಜಿನ ಎದುರು ಕೂರುವವರಲ್ಲಿ ಹೆಚ್ಚಿನವರು ಒಂದನ್ನೂ ಮಾಡಿ ನೋಡದೆ ಕಾಗದದ ಕಟ್ಟುಗಳನ್ನು ಹೊತ್ತು ತಂದಿರುತ್ತಾರೆ. ನೀವು ಆರು ಮಾಡಿದ್ದೀರಿ, ಅವು ಕೆಟ್ಟಿವೆ, ಎಲ್ಲಿ ಕೆಟ್ಟವು ಎಂಬುದನ್ನೂ ಸರಿಯಾಗಿ ಗುರುತಿಸಿದ್ದೀರಿ. ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಹೆಚ್ಚು ಕಂಡಿಲ್ಲ.

ನಿಮ್ಮ ಅಳುಕಿನೊಳಗೆ ಮೂರು ಪ್ರಶ್ನೆಗಳು ಗಂಟು ಬಿದ್ದಿವೆ. ನನ್ನ ಕೈಗೆ ಇದು ಬರುತ್ತದೆಯೇ, ಸಮಯ ಸಾಲುತ್ತದೆಯೇ, ನೋಡಿದವರು ಏನೆಂದುಕೊಳ್ಳುತ್ತಾರೆ. ಮೊದಲನೆಯದರ ಬಗ್ಗೆ ನನಗೆ ಚಿಂತೆಯೇ ಇಲ್ಲ. ಮೂರನೆಯದಕ್ಕೆ ಚಿಕ್ಕಮ್ಮ ಅಂದುಕೊಂಡದ್ದಕ್ಕಿಂತ ಬೇರೆಯದೇ ಕಾರಣವಿದೆ. ತೊಡಕು ಇರುವುದು ನಡುವಿನದರಲ್ಲಿ.

ಮೊದಲು ಆ ಮಡಿಕೆಯ ವಿಷಯ ಮುಗಿಸೋಣ. ಅದು ನಿಮ್ಮ ಕೈಯ ತಪ್ಪಲ್ಲ, ಕಾಗದದ ಹುಟ್ಟುಗುಣ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನೀರಿನಲ್ಲಿ ತೇಲುವ ನಾರುಗಳು ಓಡುವ ಜಾಲರಿಯ ಮೇಲೆ ಹರಡಿಕೊಳ್ಳುತ್ತವೆ. ಜಾಲರಿ ಓಡುವ ದಿಕ್ಕಿಗೇ ಹೆಚ್ಚಿನ ನಾರುಗಳು ಮಲಗಿಬಿಡುತ್ತವೆ. ಬಿದಿರನ್ನು ಉದ್ದಕ್ಕೆ ಸೀಳುವುದು ಸಲೀಸು, ಅಡ್ಡಕ್ಕೆ ಮುರಿದರೆ ಸಿಬರು ಏಳುತ್ತದೆ. ಕಾಗದವೂ ಹಾಗೆಯೇ. ನಾರಿನ ಜೊತೆಗೆ ಮಡಿಚಿದರೆ ಮಡಿಕೆ ನಯವಾಗಿ ಕೂರುತ್ತದೆ, ಅಡ್ಡವಾಗಿ ಮಡಿಚಿದರೆ ನಾರು ಮುರಿದು ಮೇಲ್ಮೈ ಬಿರಿಯುತ್ತದೆ. ನಿಮ್ಮ ಕಾರ್ಡಿನಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ: ನೀಲಿ ಇರುವುದು ಮೇಲ್ಪದರದಲ್ಲಿ ಮಾತ್ರ, ಒಳಗಿನ ತಿರುಳು ಬಿಳಿ. ತಿರುಳಿಗೇ ಬಣ್ಣ ಬೆರೆಸಿ ಮಾಡಿದ ಕಾರ್ಡುಗಳೂ ಸಿಗುತ್ತವೆ. ಕೊಳ್ಳುವ ಮೊದಲು ಮಾದರಿ ಹಾಳೆಯ ಒಂದು ಮೂಲೆ ಹರಿದು ನೋಡಿ, ಹರಿದ ಅಂಚೂ ನೀಲಿಯಾಗಿಯೇ ಇರಬೇಕು.

ನಾರಿನ ದಿಕ್ಕು ಕಂಡುಹಿಡಿಯಲು ಉಪಕರಣ ಬೇಡ. ಹಾಳೆಯನ್ನು ಮಡಿಕೆ ಬೀಳದ ಹಾಗೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಗಲಕ್ಕೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ. ಯಾವ ಬಾಗು ಕಡಿಮೆ ಪ್ರತಿಭಟಿಸುತ್ತದೋ ಅದರ ಸಾಲೇ ನಾರಿನ ದಿಕ್ಕು. ಪತ್ರಿಕೆಯ ಮಡಿಕೆ ಆ ದಿಕ್ಕಿಗೆ ಬರುವಂತೆ ಕತ್ತರಿಸಿಕೊಳ್ಳಿ. ಮಡಿಚುವ ಮೊದಲು ಸ್ಕೇಲು ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ಒತ್ತಿ ಗೆರೆ ಎಳೆದು, ಆ ತೋಡು ಹೊರಬದಿಗೆ ಬರುವಂತೆ ಮಡಿಚಿ. ನಿಮ್ಮ ಏಳನೆಯ ಪತ್ರಿಕೆ ಮೊದಲ ಆರರ ಹಾಗಿರುವುದಿಲ್ಲ ಎಂದು ನಾನು ಪಣ ಕಟ್ಟುತ್ತೇನೆ.

ಡೊಂಕಿಗೂ ಮೂಲ ಅದೇ ನಾರು. ಬಿಳಿ ಅಂಟಿನಲ್ಲಿ ನೀರಿನ ಪಾಲು ದೊಡ್ಡದು. ನಾರು ನೀರು ಕುಡಿದಾಗ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಹಾಗಾಗಿ ಹಾಳೆ ಒಂದೇ ದಿಕ್ಕಿಗೆ ಹಿಗ್ಗಿ ಸೆಟೆದುಕೊಳ್ಳುತ್ತದೆ. ಎರಡು ಹಾಳೆ ಅಂಟಿಸುವಾಗ ಎರಡರ ನಾರೂ ಒಂದೇ ದಿಕ್ಕಿಗಿರಲಿ. ಅಂಟನ್ನು ಒರೆಸಿದಷ್ಟು ತೆಳ್ಳಗೆ ಹಚ್ಚಿ ರಾತ್ರಿಯಿಡೀ ದಪ್ಪ ಪುಸ್ತಕಗಳ ಅಡಿ ಇಡಿ, ಇಲ್ಲವೇ ಅಂಟನ್ನೇ ಬಿಟ್ಟು ಎರಡು ಬದಿಯೂ ಅಂಟುವ ಟೇಪು ಬಳಸಿ. ನೂರರ ಲೆಕ್ಕದ ಕೆಲಸಕ್ಕೆ ನಾನು ಯಾವಾಗಲೂ ಟೇಪಿನ ಪಕ್ಷ, ಒಣಗಲು ಕಾಯಬೇಕಿಲ್ಲ.

ಇಷ್ಟು ಕಾಗದದ ಮಾತಾಯಿತು. ಈಗ ನಡುವಿನ ಪ್ರಶ್ನೆ, ಗಡಿಯಾರದ್ದು.

ಒಂದು ಪತ್ರಿಕೆ ಮಾಡುವುದು ಕೈಗೆಲಸ. ಇನ್ನೂರೈವತ್ತು ಮಾಡುವುದು ಕಾರ್ಖಾನೆ ನಡೆಸುವುದು, ಮತ್ತು ಆ ಕಾರ್ಖಾನೆಯ ಏಕೈಕ ಕಾರ್ಮಿಕರು ನೀವು. ನಿಮ್ಮ ಪಟ್ಟಿಯನ್ನು ನಾನು ಗಂಟೆಗಳಿಗೆ ಇಳಿಸಿ ನೋಡಿದೆ. ಕೈ ಪಳಗಿದ ಮೇಲೂ ಪತ್ರಿಕೆಯೊಂದಕ್ಕೆ ಕತ್ತರಿಸಿ, ಮಡಿಚಿ, ಅಂಟಿಸಿ, ಹೆಸರು ಬರೆದು, ಲಕೋಟೆಗೆ ಸೇರಿಸಲು 15 ನಿಮಿಷ ಎಂದರೆ 250ಕ್ಕೆ 62 ಗಂಟೆ. ಹೂವೊಂದಕ್ಕೆ 12 ನಿಮಿಷವಾದರೂ 300ಕ್ಕೆ 60 ಗಂಟೆ. ಮೇಣದಬತ್ತಿಗೆ 25 ಗಂಟೆ, ಪ್ರಯೋಗ ಬೇರೆ. ಮೇಜಿನ ಹೂವಿಗೆ ಎಂಟು, ಕಸೂತಿಗೆ ಹತ್ತು. ಒಟ್ಟು 165 ಗಂಟೆ. ಇನ್ನು ನಿಮ್ಮ ಬಳಿ ಇರುವುದೆಷ್ಟು? ಐದು ತಿಂಗಳೆಂದರೆ ಸುಮಾರು 21 ವಾರ. ಕೊನೆಯ ಮೂರು ವಾರಗಳನ್ನು ಕೈಗೆಲಸಕ್ಕೆ ಎಣಿಸಲೇಬೇಡಿ. ಉಳಿದ ಹದಿನೆಂಟರಲ್ಲಿ ಖರೀದಿ, ನೆಂಟರು, ಶೀತ ಜ್ವರ ಎಂದು ನಾಲ್ಕು ವಾರ ಹೇಳದೆ ಕೇಳದೆ ಹೋಗುತ್ತವೆ. ಹದಿನಾಲ್ಕು ವಾರ, ವಾರಕ್ಕೆ ಐದು ಗಂಟೆ, ಅಲ್ಲಿಗೆ 70. ನೂರ ಅರವತ್ತೈದನ್ನು ಎಪ್ಪತ್ತರಲ್ಲಿ ತುಂಬಲು ಹೋದವರು ಅದನ್ನು ತುಂಬುವುದು ನಿದ್ದೆಯಿಂದ.

"ಹೇಗೋ ಆಗುತ್ತದೆ" ಎಂದು ಮನಸ್ಸು ಹೇಳುತ್ತದೆ. ಆ ಸ್ವರವನ್ನು ನಂಬಬಾರದು ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಪುರಾವೆಯಿದೆ. ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ಈ ದೌರ್ಬಲ್ಯಕ್ಕೊಂದು ಹೆಸರಿಟ್ಟರು, ಯೋಜನೆಯ ಭ್ರಮೆ ಎನ್ನಬಹುದು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಎಂದು ಕೇಳಿದಾಗ ಸರಾಸರಿ ಉತ್ತರ 34 ದಿನ. ಎಲ್ಲವೂ ಕೆಟ್ಟುಹೋದರೆ ಎಷ್ಟು ಎಂದದ್ದಕ್ಕೆ ಸುಮಾರು 49. ನಿಜವಾಗಿ ಹಿಡಿದದ್ದು ಸುಮಾರು 56 ದಿನ. ಅತ್ಯಂತ ಕೆಟ್ಟ ಊಹೆಯೂ ನಿಜಕ್ಕಿಂತ ಆಶಾವಾದಿಯೇ ಆಗಿತ್ತು. ಪ್ರಬಂಧಕ್ಕಾದರೆ ಗಡುವು ಮುಂದೂಡಬಹುದು, ಮದುವೆಗೆ ಆ ಸೌಲಭ್ಯವಿಲ್ಲ. ಅದಕ್ಕೇ ನಾನು ಊಹೆಯ ಬದಲು ಅಳತೆ ಕೇಳುತ್ತೇನೆ: ಯಾವುದೇ ವಸ್ತುವನ್ನು ಹತ್ತು ಮಾಡಿ, ಕೊನೆಯ ಐದಕ್ಕೆ ಹಿಡಿದ ಸಮಯ ಬರೆದಿಡಿ, ಅದರಿಂದ ಗುಣಿಸಿ. ಮೊದಲ ಐದು ಕಲಿಕೆ, ಅದನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ.

ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು? ನಾನು ಎರಡೇ ಪ್ರಶ್ನೆ ಕೇಳುವುದು. ಇದನ್ನು ತಿಂಗಳ ಮೊದಲೇ ಮುಗಿಸಿ ಪೆಟ್ಟಿಗೆಯಲ್ಲಿಡಬಹುದೇ? ಇದರಲ್ಲಿ ನಿಮ್ಮ ಕೈ ಕಾಣುತ್ತದೆಯೇ? ಎರಡಕ್ಕೂ ಹೌದಾದರೆ ಮಾಡಿ. ಎರಡಕ್ಕೂ ಇಲ್ಲವಾದರೆ ಎಷ್ಟೇ ಆಸೆಯಿದ್ದರೂ ಬಿಡಿ.

ಕಸೂತಿ ಈ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸು. ಒಂದೇ ಶಾಲು, ಒಂದೇ ಬಾರಿ ಮಾಡುವ ಕೆಲಸ, ಕೊನೆಯವರೆಗೂ ನಿಮ್ಮ ಜೊತೆ ಉಳಿಯುವಂಥದ್ದು. ಇಪ್ಪತ್ತು ಅಕ್ಷರಗಳಿಗೆ ಅಕ್ಷರಕ್ಕೆ ಅರ್ಧ ಗಂಟೆ ಹಿಡಿದರೂ ಹತ್ತು ಗಂಟೆ. ಆದರೆ ಸೂಜಿ ಚುಚ್ಚುವ ಮೊದಲು ಮೂರು ಕೆಲಸಗಳಿವೆ. ಬಟ್ಟೆ ಹತ್ತಿಯದಾದರೆ ಒಮ್ಮೆ ಒಗೆದು ಒಣಗಿಸಿ. ಮೊದಲ ಒಗೆತದಲ್ಲಿ ಅದು ಕುಗ್ಗುತ್ತದೆ, ಕಸೂತಿಯಾದ ಮೇಲೆ ಕುಗ್ಗಿದರೆ ಅಕ್ಷರದ ಸುತ್ತ ಸುಕ್ಕು ಬೀಳುತ್ತದೆ. ರೇಷ್ಮೆ ಅಥವಾ ಉಣ್ಣೆಯದಾದರೆ ಒಗೆಯಲು ಹೋಗಬೇಡಿ, ಅಂಚಿನ ಒಳಬದಿಯಲ್ಲಿ ಒಂದೆರಡು ಹೊಲಿಗೆ ಹಾಕಿ ನೋಡಿ. ಎರಡನೆಯದು, ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ಇಡಿ. ಕೆಂಪು ಮತ್ತು ಗಾಢ ಬಣ್ಣದ ದಾರಗಳೇ ಬಣ್ಣ ಬಿಟ್ಟು ಮೋಸ ಮಾಡುವುದು. ಮೂರನೆಯದು ಗುರುತು ಹಾಕುವ ಪೆನ್ನು. ಇಸ್ತ್ರಿಯ ಶಾಖಕ್ಕೆ ಮಾಯವಾಗುವ ಪೆನ್ನುಗಳಿವೆ, ನೋಡಲು ಜಾದೂ. ಆದರೆ ಆ ಶಾಯಿ ಹೋಗಿರುವುದಿಲ್ಲ, ಬಣ್ಣ ಕಳೆದುಕೊಂಡಿರುತ್ತದೆ ಅಷ್ಟೆ. ತೀರ ತಣ್ಣಗಾದರೆ ಗೆರೆಗಳು ಮತ್ತೆ ಎದ್ದು ಬರುತ್ತವೆ. ನೀರಿಗೆ ಹೋಗುವ ಗುರುತೇ ವಾಸಿ, ಅದನ್ನು ತೊಳೆಯುವ ಮೊದಲು ಇಸ್ತ್ರಿ ಮಾತ್ರ ಮಾಡಬೇಡಿ, ಕೆಲವು ಶಾಖಕ್ಕೆ ಕಾಯಂ ಆಗಿ ಕೂತುಬಿಡುತ್ತವೆ.

ಆಮಂತ್ರಣ ಪತ್ರಿಕೆ ಉಳಿಯಲಿ, ಆದರೆ ಎರಡು ತಿದ್ದುಪಡಿಯೊಂದಿಗೆ. ಒಂದು, 250 ಅತಿಥಿಗಳಿಗೆ 250 ಪತ್ರಿಕೆ ಏಕೆ? ಪತ್ರಿಕೆ ಹೋಗುವುದು ಮನೆಗೆ, ತಲೆಗಲ್ಲ. ಇವತ್ತೇ ಕೂತು ಮನೆಗಳನ್ನು ಎಣಿಸಿ. ಸಾಮಾನ್ಯವಾಗಿ ಅದು ಅತಿಥಿಗಳ ಸಂಖ್ಯೆಯ ಅರ್ಧದ ಆಸುಪಾಸಿಗೆ ಬರುತ್ತದೆ, ನಿಮ್ಮದು 110 ಆದೀತು ಎಂದಿಟ್ಟುಕೊಳ್ಳೋಣ. ಜೊತೆಗೆ ಹದಿನೈದು ಹೆಚ್ಚಿಗೆ, ಲಕೋಟೆ ಇನ್ನೂ ಐದು ಹೆಚ್ಚು, ಏಕೆಂದರೆ ಕೈತಪ್ಪುವುದು ವಿಳಾಸ ಬರೆಯುವಾಗಲೇ. ಎರಡು, ಕತ್ತರಿಸುವುದನ್ನೂ ಮಡಿಕೆಯ ಗೆರೆ ಒತ್ತುವುದನ್ನೂ ಮುದ್ರಣಾಲಯಕ್ಕೆ ಕೊಡಿ. ಅಲ್ಲಿನ ಕಟಿಂಗ್ ಯಂತ್ರ ನೂರಾರು ಹಾಳೆಗಳನ್ನು ಕೆಲವೇ ಏಟಿಗೆ ಒಂದೇ ಅಳತೆಗೆ ಕತ್ತರಿಸುತ್ತದೆ. ನೇರವಾದ ಅಂಚಿನಲ್ಲಿ ಯಾರೂ ನಿಮ್ಮ ಪ್ರೀತಿಯನ್ನು ಹುಡುಕುವುದಿಲ್ಲ. ಸೊಟ್ಟ ಅಂಚನ್ನು ಮಾತ್ರ ಎಲ್ಲರೂ ನೋಡುತ್ತಾರೆ. ಒಳಗಿನ ವಿವರ ಅಚ್ಚಾಗಲಿ. ಮೇಲೆ ಆಯಾ ಮನೆಯವರ ಹೆಸರು, ಒಳಗೆ ಒಂದು ಸಾಲು, ಇವನ್ನು ನೀವು ಬರೆಯಿರಿ. ಕೈ ಕಾಣುವ ಕಡೆ ಕೈ ಇರಲಿ, ಕಾಣದ ಕಡೆ ಯಂತ್ರವಿರಲಿ. ಆಗ ಒಂದಕ್ಕೆ ಹತ್ತು ನಿಮಿಷ, ಒಟ್ಟು ಹದಿನೆಂಟು ಇಪ್ಪತ್ತು ಗಂಟೆ. ಮದುವೆಗೆ ಎರಡು ತಿಂಗಳ ಮುಂಚೆ ಇವು ನಿಮ್ಮ ಕೈಯಿಂದ ಹೊರಡಬೇಕು ಎಂಬುದು ನೆನಪಿರಲಿ, ಅಂದರೆ ನಿಮ್ಮ ಬಳಿ ಇರುವುದು ಮೂರೇ ತಿಂಗಳು.

ಕೈಯಿಂದ ತಯಾರಿಸಿದ ಒರಟು ಕಾಗದದ ಮೋಹ ನಿಮಗೂ ಇದ್ದೀತು, ಎಲ್ಲರಿಗೂ ಇರುತ್ತದೆ. ಅದರಲ್ಲಿ ನಾರುಗಳಿಗೆ ಗೊತ್ತಾದ ದಿಕ್ಕಿಲ್ಲದ್ದರಿಂದ ಮಡಿಕೆಯ ತೊಂದರೆ ಕಡಿಮೆ. ಆದರೆ ಮೇಲ್ಮೈಗೆ ಪಿಷ್ಟ ಅಥವಾ ಜೆಲಾಟಿನ್ ಲೇಪನವಿಲ್ಲದಿದ್ದರೆ ಶಾಯಿ ನಾರಿನ ಗುಂಟ ಹರಡಿ ಅಕ್ಷರಕ್ಕೆ ಮೀಸೆ ಮೂಡುತ್ತದೆ. ಲೇಸರ್ ಮುದ್ರಣದ ಪುಡಿ ತಗ್ಗುಗಳಲ್ಲಿ ಸರಿಯಾಗಿ ಕೂರದೆ ಉದುರುತ್ತದೆ. ಒಂದೇ ಹಾಳೆ ತಂದು ನಿಮ್ಮದೇ ಪೆನ್ನಿನಲ್ಲಿ ಬರೆದು, ಒಣಗಿದ ಮೇಲೆ ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ಬಣ್ಣ ನೀರಿನಲ್ಲಿ ಕರಗಿರುವ ಡೈ ಶಾಯಿ ಕದಡುತ್ತದೆ, ಬಣ್ಣ ಸೂಕ್ಷ್ಮ ಕಣಗಳಾಗಿರುವ ಪಿಗ್ಮೆಂಟ್ ಶಾಯಿ ನಿಲ್ಲುತ್ತದೆ. ಅಂಚೆಯಲ್ಲಿ ಕಳಿಸುವುದಾದರೆ ತೂಕವನ್ನೂ ಮೊದಲೇ ಲೆಕ್ಕ ಹಾಕಬಹುದು. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ, ಹಾಗಾಗಿ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಕಾರ್ಡಿನ ಒಂದು ಎ4 ಸುಮಾರು 19 ಗ್ರಾಂ. ಲಕೋಟೆ, ದಾರ, ಅರಗಿನ ಮುದ್ರೆ ಸೇರಿದ ಒಂದು ಪೂರ್ತಿ ಮಾದರಿಯನ್ನು ಅಂಚೆ ಕಚೇರಿಯ ಕಿಟಕಿಯಲ್ಲಿ ತೂಗಿಸಿಕೊಂಡು ಬನ್ನಿ, ಉಬ್ಬಿದ ಮುದ್ರೆ ವಿಂಗಡಣೆ ಯಂತ್ರಕ್ಕೆ ಒಗ್ಗುತ್ತದೆಯೇ ಎಂದೂ ಅಲ್ಲೇ ಕೇಳಿ.

ಮುನ್ನೂರು ಕಾಗದದ ಹೂವು. ಇಲ್ಲಿ ನಾನು ನಿಮ್ಮನ್ನು ಸ್ವಲ್ಪ ತಡೆಯುತ್ತೇನೆ. ಹನ್ನೆರಡು ಸೆಂಟಿಮೀಟರ್ ಅಗಲದ ಹೂವೊಂದರ ಎಸಳಿಗೆ ನೀವು ಕೊಟ್ಟ ಬಾಗು ಹತ್ತು ಮೀಟರ್ ದೂರದಲ್ಲಿ ಕೂತವರಿಗೆ ಕಾಣುವುದೇ ಇಲ್ಲ, ಕಾಣುವುದು ಬಣ್ಣದ ಹರವು ಮಾತ್ರ. ಹತ್ತಿರದ ಛಾಯಾಚಿತ್ರಗಳಲ್ಲಿ ಬರುವುದೂ ನಿಮ್ಮಿಬ್ಬರ ತಲೆಯ ಹಿಂದಿನ ಎರಡು ಮೀಟರ್ ಜಾಗವಷ್ಟೇ. ಅಲ್ಲಿಗೆ ಮಾರುದ್ದವಲ್ಲದಿದ್ದರೂ ಮೊಳದ ಹತ್ತಿರದ ಅಗಲದ ನಲವತ್ತು ದೊಡ್ಡ ಹೂವು ಸಾಕು. ಒಂದಕ್ಕೆ ಅರ್ಧ ಗಂಟೆ ಹಿಡಿದರೂ ಇಪ್ಪತ್ತು ಗಂಟೆ. ಉಳಿದ ಗೋಡೆಗೆ ಬಟ್ಟೆ ಇಳಿಬಿಡಿ.

ಸಂಖ್ಯೆ ಇಳಿಸಲು ಇನ್ನೊಂದು ಕಾರಣ, ಯಾರೂ ಯೋಚಿಸದ ಕಾರಣ, ಪೆಟ್ಟಿಗೆ. ಅರವತ್ತಕ್ಕೆ ನಲವತ್ತು ಸೆಂಟಿಮೀಟರಿನ ರಟ್ಟಿನ ಪೆಟ್ಟಿಗೆಯ ಒಂದು ಪದರದಲ್ಲಿ ನಿಮ್ಮ ಹದಿನೈದು ಹೂವು ಕೂರುತ್ತವೆ. ಎರಡಕ್ಕಿಂತ ಹೆಚ್ಚು ಪದರ ಹಾಕಿದರೆ ಕೆಳಗಿನವು ಅಪ್ಪಚ್ಚಿ. ಅಲ್ಲಿಗೆ ಮುನ್ನೂರು ಹೂವಿಗೆ ಹತ್ತು ಪೆಟ್ಟಿಗೆ. ಅವು ನಾಲ್ಕು ತಿಂಗಳು ನಿಮ್ಮ ಕೋಣೆಯಲ್ಲಿ ಎಲ್ಲಿ ಇರುತ್ತವೆ? ದೊಡ್ಡ ಹೂವುಗಳಿಗೆ ಉಪಾಯವೆಂದರೆ ಎಸಳುಗಳನ್ನು ಗಾತ್ರದ ಪ್ರಕಾರ ಕತ್ತರಿಸಿ ಚಪ್ಪಟೆಯಾಗಿಯೇ ಕಟ್ಟಿಟ್ಟು, ಮದುವೆಗೆ ತಿಂಗಳಿರುವಾಗ ಜೋಡಿಸುವುದು.

ಅಂಟಿನ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತ ಪಾಠವೊಂದಿದೆ. ವೃತ್ತಿಯ ಎರಡನೇ ವರ್ಷ 140 ಹೂವುಗಳನ್ನು ಗ್ಲೂ ಗನ್ನಿನ ಬಿಸಿ ಅಂಟಿನಿಂದ ಜೋಡಿಸಿ, ಬೆಳಗ್ಗೆಯೇ ವ್ಯಾನಿನಲ್ಲಿ ತುಂಬಿ, ವ್ಯಾನನ್ನು ಬಿಸಿಲಲ್ಲಿ ನಿಲ್ಲಿಸಿ ಒಳಗೆ ಏಣಿ ಹತ್ತಿ ಬಟ್ಟೆ ಕಟ್ಟುತ್ತಿದ್ದೆ. ಮಧ್ಯಾಹ್ನ ಬಾಗಿಲು ತೆಗೆದರೆ ಪೆಟ್ಟಿಗೆಗಳಲ್ಲಿ ಹೂವಿರಲಿಲ್ಲ, ಎಸಳುಗಳಿದ್ದವು. ಶಾಖಕ್ಕೆ ಕರಗಿ ಹಿಡಿಯುವ ಅಂಟು ಶಾಖಕ್ಕೇ ಮೆತ್ತಗಾಗಿ ಬಿಡುತ್ತದೆ ಎಂಬ ಸರಳ ವಿಷಯ ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. ಅಂದಿನಿಂದ ಭಾರ ಹೊರುವ ಕಡೆ ತಂತಿ ಕಟ್ಟುತ್ತೇನೆ, ಬಿಸಿ ಅಂಟು ಅಲಂಕಾರಕ್ಕಷ್ಟೇ. ಕ್ರೇಪ್ ಕಾಗದ ಬಳಸಿದರೆ ತೇವಕ್ಕೆ ಅದರ ಬಣ್ಣ ಕರಗಿ ಬಟ್ಟೆಗೆ ಹತ್ತುತ್ತದೆ, ನಿಮ್ಮ ಉಡುಪಿನಿಂದ ಒಂದು ಮಾರು ದೂರವಿರಲಿ. ದೀಪಗಳು ಎಲ್‌ಇಡಿಯೇ ಆಗಿರಲಿ, ಬಿಸಿಯಾಗುವ ಹಳೆಯ ಬಲ್ಬುಗಳ ಪಕ್ಕ ಕಾಗದ ಬೇಡವೇ ಬೇಡ.

ಬೆಂಕಿಯ ಮಾತು ಬಂದದ್ದರಿಂದ ಮೇಣದಬತ್ತಿಗೆ ಬರುತ್ತೇನೆ. ಇದನ್ನು ಕೈಬಿಡಿ. ಉಳಿದ ವಿಷಯಗಳಲ್ಲಿ ನಾನು ಸಲಹೆ ಕೊಡುತ್ತಿದ್ದೇನೆ, ಇದೊಂದರಲ್ಲಿ ಬೇಡಿಕೊಳ್ಳುತ್ತಿದ್ದೇನೆ. ಮೇಣದಲ್ಲಿ ಹುದುಗಿಸಿದ ಒಣಹೂವು ಚಿತ್ರದಲ್ಲಿ ಚೆಂದ. ಬತ್ತಿ ಉರಿಯುತ್ತ ಮೇಣ ಕರಗಿದಾಗ ಆ ಒಣ ಎಸಳು ಕರಗಿದ ಮೇಣವನ್ನು ಹೀರಿಕೊಂಡು ಜ್ವಾಲೆಯ ಕಡೆಗೆ ತೇಲುತ್ತದೆ. ಆಗ ಅದು ಹೂವಲ್ಲ, ಎರಡನೇ ಬತ್ತಿ. ಒಂದು ಜ್ವಾಲೆಯ ಜಾಗದಲ್ಲಿ ಎರಡು ಮೂರು ಎದ್ದರೆ ಗಾಜಿನ ಬಟ್ಟಲು ಒಂದು ಬದಿ ಕಾದು ಸಿಡಿಯಬಹುದು. ಅದು ನಡೆಯುವುದು ನೀವು ಹತ್ತಿರವಿಲ್ಲದ ನೂರಕ್ಕೂ ಹೆಚ್ಚು ಮನೆಗಳಲ್ಲಿ, ನಿಮ್ಮ ಹೆಸರು ಬರೆದ ಬಟ್ಟಲಿನಲ್ಲಿ. ಹೂವಿಲ್ಲದ ಸಾದಾ ಮೇಣದಬತ್ತಿಯೂ ಸುಲಭವಲ್ಲ: ಬಟ್ಟಲಿನ ಅಗಲಕ್ಕೆ ತಕ್ಕ ಬತ್ತಿಯ ದಪ್ಪ ಕಂಡುಕೊಳ್ಳಲು ಪೂರ್ತಿ ಉರಿಸಿ ನೋಡುವ ಪ್ರಯೋಗಗಳು ಬೇಕು, ಸೋಯಾ ಮೇಣಕ್ಕೆ ಬೆರೆಸಿದ ಪರಿಮಳ ನೆಲೆಗೊಳ್ಳಲು ವಾರ ಎರಡು ವಾರ ಇಡಬೇಕು. ಇದರ ಬದಲು ಸಾಬೂನು ಮಾಡುತ್ತೇನೆ ಎಂದು ಕೆಲವರು ಹೊರಡುತ್ತಾರೆ. ಅದಕ್ಕೆ ಕಾಸ್ಟಿಕ್ ಸೋಡಾ ಬೇಕು, ಕಣ್ಣಿಗೆ ಸಿಡಿದರೆ ಅಪಾಯ, ಬೇಯಿಸದೆ ಮಾಡುವ ಸಾಬೂನು ಹದಕ್ಕೆ ಬರಲು ನಾಲ್ಕರಿಂದ ಆರು ವಾರ. ಹೊಸಬರು ಮದುವೆಯ ಗಡುವಿನ ಕೆಳಗೆ ಕಲಿಯುವ ವಿದ್ಯೆ ಅದಲ್ಲ.

ಉಡುಗೊರೆ ಕೊಡಲೇಬೇಕೆಂದಿದ್ದರೆ ನಿಮ್ಮ ಬಳಿ ಇರುವ ಒಳ್ಳೆಯ ಸರಕು ಕೈಬರಹ. ಪ್ರತಿ ಅತಿಥಿಯ ಹೆಸರನ್ನು ಒಂದು ದಪ್ಪ ಕಾರ್ಡಿನ ಮೇಲೆ ಚೆಂದವಾಗಿ ಬರೆದು ಅವರು ಕೂರುವ ಜಾಗದಲ್ಲಿಡಿ. ಒಂದಕ್ಕೆ ಒಂದೂವರೆ ನಿಮಿಷ, ಒಟ್ಟು ಆರು ಗಂಟೆ ಚಿಲ್ಲರೆ. ಅಲಂಕಾರದ ಪುಟ್ಟ ಸಾಮಾನುಗಳು ಮೇಜಿನ ಮೇಲೇ ಉಳಿದುಹೋಗುವುದನ್ನು ನಾನು ಪ್ರತಿ ಮದುವೆಯ ಕೊನೆಗೆ ಗುಡಿಸಿ ತುಂಬುವಾಗ ನೋಡುತ್ತೇನೆ. ತಮ್ಮ ಹೆಸರಿನ ಕಾರ್ಡನ್ನು ಬಿಟ್ಟುಹೋಗುವವರು ಕಡಿಮೆ. ಇಪ್ಪತ್ತೈದು ಖಾಲಿ ಕಾರ್ಡು ಮತ್ತು ಅದೇ ಪೆನ್ನು ಒಬ್ಬ ಗೆಳತಿಯ ಕೈಚೀಲದಲ್ಲಿರಲಿ, ಕೊನೆಯ ದಿನ ಪಟ್ಟಿ ಬದಲಾಗದ ಮದುವೆಯನ್ನು ನಾನು ಕಂಡಿಲ್ಲ. ಹೆಸರುಗಳ ಪಟ್ಟಿಯನ್ನು ಒಮ್ಮೆ ಅಮ್ಮನಿಂದ, ಒಮ್ಮೆ ಹುಡುಗನ ಮನೆಯವರಿಂದ ಓದಿಸಿ. ಹೆಸರಿನ ಕಾಗುಣಿತ ತಪ್ಪಿದರೆ ಅಕ್ಷರ ಎಷ್ಟು ಚೆಂದವಿದ್ದೂ ಫಲವಿಲ್ಲ.

ಮೇಜಿನ ತಾಜಾ ಹೂವು ನನ್ನ ಎರಡೂ ಪ್ರಶ್ನೆಗಳಲ್ಲಿ ನಪಾಸು. ತಿಂಗಳ ಮುಂಚೆ ಮಾಡಿಡಲಾಗದು, ಯಾರು ಜೋಡಿಸಿದರೆಂದು ತಿಳಿಯುವುದೂ ಇಲ್ಲ. ಎಂಟು ಗಂಟೆಯ ಆ ಕೆಲಸ ಬೀಳುವುದು ಹಿಂದಿನ ದಿನವೇ. ಹೂಗಾರರಿಗೆ ವಹಿಸಿ. ಮನಸ್ಸು ಒಪ್ಪದಿದ್ದರೆ ಮೇಜಿಗೊಂದು ಗಾಜಿನ ಶೀಶೆ, ಅದರಲ್ಲಿ ಒಂದೋ ಮೂರೋ ದಂಟು. ಹೂವು ಬಂದ ಕೂಡಲೇ ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು, ರಾತ್ರಿಯಿಡೀ ತಂಪಾದ ಜಾಗದಲ್ಲಿ ಬಕೆಟ್ಟಿನಲ್ಲಿ ನೀರು ಕುಡಿಯಲು ಬಿಡಬೇಕು. ಮಾಗುವ ಹಣ್ಣಿನ ಬುಟ್ಟಿ ಅದೇ ಕೋಣೆಯಲ್ಲಿರಬಾರದು: ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್‌ನಂಥ ಹೂವು ಬೇಗ ಬಾಡುತ್ತದೆ. ದಂಟು ಚುಚ್ಚಿ ನಿಲ್ಲಿಸುವ ಹಸಿರು ಫೋಮ್ ಬೇಡ. ಅದು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ನಿಂದಾದ ಪ್ಲಾಸ್ಟಿಕ್, ಪುಡಿಯಾಗುತ್ತದೆ, ಮಣ್ಣಾಗುವುದಿಲ್ಲ. ಬಾಯಗಲದ ಪಾತ್ರೆಯ ಮೇಲೆ ಪಾರದರ್ಶಕ ಟೇಪಿನಿಂದ ಚೌಕುಳಿ ಕಟ್ಟಿದರೂ ದಂಟು ನಿಲ್ಲುತ್ತದೆ.

ಈಗ ಕೂಡಿಸಿ: ಪತ್ರಿಕೆಗೆ ಇಪ್ಪತ್ತು, ಹೂವಿಗೆ ಇಪ್ಪತ್ತು, ಕಸೂತಿಗೆ ಹತ್ತು, ಹೆಸರಿನ ಕಾರ್ಡಿಗೆ ಆರು. ಐವತ್ತಾರು ಗಂಟೆ. ಎಪ್ಪತ್ತರೊಳಗೆ ಉಸಿರಾಡಲು ಜಾಗವಿಟ್ಟುಕೊಂಡು ಕೂರುತ್ತದೆ.

ಖರ್ಚಿನ ಬಗ್ಗೆ ಕೇಳಿದ್ದೀರಿ. ಕೈಯಾರೆ ಮಾಡಿದರೆ ಅಗ್ಗ ಎಂಬುದು ಅರ್ಧ ಸುಳ್ಳು. ಮುದ್ರಣಾಲಯದವರು ಕಾಗದವನ್ನು ಸಗಟಿನಲ್ಲಿ ಕೊಳ್ಳುತ್ತಾರೆ, ನೀವು ಚಿಲ್ಲರೆಯಲ್ಲಿ. ಅವರ ಉಪಕರಣ ಸಾವಿರ ಮದುವೆಗೆ ದುಡಿಯುತ್ತದೆ, ನಿಮ್ಮದು ಒಂದಕ್ಕೆ. ಪ್ರಯೋಗದಲ್ಲಿ ಕೆಡುವ ಸಾಮಗ್ರಿ ಬೇರೆ. ಹಣ ಉಳಿಯುವುದು ಸಂಖ್ಯೆ ಇಳಿಸಿದಾಗ, ಅಥವಾ ಕೆಲಸದ ಕೂಲಿಯೇ ಬೆಲೆಯ ದೊಡ್ಡ ಭಾಗವಾಗಿರುವ ಕಸೂತಿ, ಕೈಬರಹದಂಥವುಗಳಲ್ಲಿ. ಖರ್ಚು ಉಳಿಸುವುದೇ ಮುಖ್ಯ ಗುರಿಯಾಗಿದ್ದರೆ ಹುಡುಗ ಹೇಳಿದ ದಾರಿಯನ್ನು ನಾನೂ ತಳ್ಳಿಹಾಕುವುದಿಲ್ಲ. ಆ ದಾರಿಯಲ್ಲಿ ನೀವು ಕಳೆದುಕೊಳ್ಳುವುದು ನಿಮ್ಮ ಅಕ್ಷರ, ಉಳಿಸಿಕೊಳ್ಳುವುದು ನಿಮ್ಮ ವಾರಾಂತ್ಯಗಳು. ಆಯ್ಕೆ ನಿಮ್ಮಿಬ್ಬರದು.

ಚಿಕ್ಕಮ್ಮನ ಮಾತನ್ನು ಪೂರ್ತಿ ಅಲ್ಲಗಳೆಯಲಾರೆ. ತಾನು ಮಾಡಿದ್ದು ತನಗೆ ಚೆಂದವೇ. ಮೈಕಲ್ ನಾರ್ಟನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಂದ ಕಾಗದದ ಕೊಕ್ಕರೆ, ಕಪ್ಪೆಗಳನ್ನು ಮಡಿಸಿದಾಗ, ಮಾಡಿದವರು ತಮ್ಮ ಸೊಟ್ಟ ಕೃತಿಗೆ ಪರಿಣತರದ್ದಕ್ಕೆ ಸಮೀಪದ ಬೆಲೆ ಕಟ್ಟಿದರು. ಹೊರಗಿನವರಿಗೆ ಅದು ಸುಕ್ಕು ಕಾಗದವಾಗಿಯೇ ಕಂಡಿತು. ಹಾಗಾಗಿ ಹೊರಗಿನ ಕಣ್ಣೊಂದು ಬೇಕು, ನಿಮಗೆ ಅದು ಮನೆಯಲ್ಲೇ ಇದೆ. ಆದರೆ "ವಸ್ತುಪ್ರದರ್ಶನ" ಎನಿಸುವುದು ಕೈಯಿಂದ ಮಾಡಿದ್ದಕ್ಕಲ್ಲ, ಒಂದಕ್ಕೊಂದು ಹೊಂದದ್ದಕ್ಕೆ. ಪತ್ರಿಕೆಯ ಬಿಳಿ ಒಂದು, ಕಾರ್ಡಿನ ಬಿಳಿ ಇನ್ನೊಂದು, ನಾಲ್ಕು ಬಗೆಯ ಅಕ್ಷರ, ಮಿನುಗುವ ಪುಡಿ, ಮೇಲೊಂದು ರಿಬ್ಬನ್. ಒಂದೇ ಕಾಗದ, ಎರಡೇ ಬಣ್ಣ, ನಿಮ್ಮದೊಂದೇ ಅಕ್ಷರಶೈಲಿ ಎಂದು ಇಂದೇ ಗೋಡೆಗೆ ಬರೆದು ಹಚ್ಚಿ. ಎಲ್ಲಕ್ಕೂ ಬೇಕಾದ ಕಾಗದವನ್ನು ಒಂದೇ ಸಲ ಕೊಂಡುಬಿಡಿ, ಮುಂದಿನ ತಿಂಗಳ ಕಟ್ಟಿನಲ್ಲಿ ಅದೇ ನೀಲಿ ಬರುವ ಭರವಸೆ ಇಲ್ಲ.

ಗೆಳತಿಯರ ಬಗ್ಗೆ ಒಂದು ಮಾತು. "ಯಾವಾಗಲಾದರೂ ಬನ್ನಿ" ಎಂದರೆ ಯಾರೂ ಬರುವುದಿಲ್ಲ, ಅದರಲ್ಲಿ ಅವರ ತಪ್ಪಿಲ್ಲ. "ಹನ್ನೆರಡನೇ ತಾರೀಖು ಶನಿವಾರ, ಮೂರರಿಂದ ಆರು, ಎಸಳು ಕತ್ತರಿಸುವುದು" ಎಂದರೆ ನಾಲ್ವರಲ್ಲಿ ಮೂವರು ಬರುತ್ತಾರೆ. ಒಬ್ಬರಿಗೆ ಒಂದೇ ಕೆಲಸ ಕೊಡಿ, ಒಬ್ಬರು ಕತ್ತರಿಸಿದರೆ ಇನ್ನೊಬ್ಬರು ಬಾಗಿಸಲಿ. ಅವರು ಹೋದ ಮೇಲೆ ಕೂತು ಅವರ ಕೆಲಸವನ್ನು ಬಿಚ್ಚಿ ಮತ್ತೆ ಮಾಡುವ ಸ್ವಭಾವ ನಿಮ್ಮದಾದರೆ ಅವರನ್ನು ಕರೆಯಲೇಬೇಡಿ. ಅವರಿಗೆ ಅದು ಗೊತ್ತಾಗಿಯೇ ಆಗುತ್ತದೆ.

ಸಭಾಂಗಣದವರಿಂದ ನಾಲ್ಕು ಉತ್ತರಗಳನ್ನು ಬರಹದಲ್ಲಿ ಪಡೆಯಿರಿ: ಅಲಂಕಾರಕ್ಕೆ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ, ಗೋಡೆಗೆ ಮೊಳೆ ಅಥವಾ ಟೇಪು ನಡೆಯುತ್ತದೆಯೇ, ಕಾಗದದ ಅಲಂಕಾರಕ್ಕೆ ಅಗ್ನಿ ಸುರಕ್ಷತೆಯ ನಿಯಮವೇನು, ಮುಗಿದ ಮೇಲೆ ಎಷ್ಟರೊಳಗೆ ಖಾಲಿ ಮಾಡಬೇಕು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಕಟ್ಟಲು ಹತ್ತು ಕೈ ಸಿಗುತ್ತವೆ, ಬಿಚ್ಚಲು ಒಂದೂ ಇರುವುದಿಲ್ಲ. ಆ ಕೆಲಸಕ್ಕೆ ಕೂಲಿ ಕೊಟ್ಟು ಇಬ್ಬರನ್ನು ಗೊತ್ತುಮಾಡಿ.

ಮದುವೆಗೆ ಸರಿಯಾಗಿ ಮೂರು ವಾರ ಇರುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆಯಿರಿ. ಅಂದು ಮುಗಿಯದೆ ಉಳಿದದ್ದು ಮದುವೆಗೆ ಬರುವುದಿಲ್ಲ. ಯಾವುದನ್ನು ಮೊದಲು ಕೈಬಿಡಬೇಕು ಎಂಬುದನ್ನೂ ಈಗಲೇ, ಮನಸ್ಸು ಸಮಾಧಾನವಾಗಿರುವಾಗ, ಹುಡುಗನ ಜೊತೆ ಕೂತು ಬರೆದಿಡಿ. ನಾನಾಗಿದ್ದರೆ ಕಾಗದದ ಹೂವು ಮೊದಲು, ಕಸೂತಿ ಕೊನೆಗೆ.

ಆ ಆರು ಪತ್ರಿಕೆಗಳನ್ನು ಎಸೆಯಬೇಡಿ. ಎರಡರ ಹಿಂಬದಿಯಲ್ಲಿ ಬೇರೆ ಬೇರೆ ಶಾಯಿಗಳನ್ನು ಬರೆದು ಉಜ್ಜಿ ನೋಡಿ. ಎರಡರ ಮೇಲೆ ಟೇಪು ಮತ್ತು ತೆಳು ಅಂಟನ್ನು ಪರೀಕ್ಷಿಸಿ. ಒಂದನ್ನು ವಾರವಿಡೀ ಬಿಸಿಲು ಬೀಳುವ ಕಿಟಕಿಗೆ ಅರ್ಧ ಮುಚ್ಚಿ ಹಚ್ಚಿ, ನೀಲಿ ಎಷ್ಟು ಮಾಸುತ್ತದೆಂದು ತಿಳಿಯುತ್ತದೆ. ಇನ್ನೊಂದನ್ನು ಅಷ್ಟೇ ದಿನ ಸ್ನಾನದ ಮನೆಯ ಬಾಗಿಲ ಹಿಂದೆ ನೇತುಹಾಕಿ. ಆ ತೇವಕ್ಕೂ ಡೊಂಕಾಗದೆ ನಿಂತರೆ ಅದೇ ಕಾಗದದಲ್ಲಿ ಮುಂದುವರಿಯಿರಿ.